ಎಡಕ್ಕೆ ಮಾತ್ರ ತಿರುಗಬೇಕಾದ ಕಾರು: ಒಂದು ಚಳಿಗಾಲದ ರಿಪೇರಿ ದಾಖಲೆ

ಕಾರು 1985ರ ಷೆವ್ರೊಲೆ ಮಾಂಟೆ ಕಾರ್ಲೊ. ಓಡುವುದು ಸ್ಟ್ರೀಟ್ ಸ್ಟಾಕ್ ವರ್ಗದಲ್ಲಿ (ಬೀದಿಯ ಹಳೆ ಕಾರುಗಳನ್ನೇ ರೇಸಿಗೆ ಮಾರ್ಪಡಿಸಿದ ವರ್ಗ), ಅಮೆರಿಕದ ನಾರ್ತ್ ಕ್ಯಾರೊಲಿನಾದ ಹಿಕರಿ ಮೋಟರ್ ಸ್ಪೀಡ್‌ವೇಯಲ್ಲಿ. 1951ರಲ್ಲಿ ಶುರುವಾದ ಈ ಟ್ರ್ಯಾಕು ಈಗ 0.363 ಮೈಲಿಯ ಡಾಂಬರು ಅಂಡಾಕಾರ. ಓಟ ಎಡಸುತ್ತಿನದು, ಹಾಗಾಗಿ ಹೊರಗೋಡೆ ಯಾವಾಗಲೂ ಬಲಕ್ಕೆ. ಸೀಸನ್ ಮುಗಿಯುವ ಹೊತ್ತಿಗೆ ಕಾರಿನ ಬಲಮಗ್ಗುಲು ಪೂರ್ತಿ ಗೋಡೆಗೆ ಉಜ್ಜಿತ್ತು. ಅಲ್ಲಿಂದ ಒಂದೇ ದೂರು: ತಿರುವಿನ ನಡುವೆ ಸ್ಟೇರಿಂಗನ್ನು ಎಡಕ್ಕೆ ಎಷ್ಟು ಎಳೆದರೂ ಮೂತಿ ಗೋಡೆಯ ಕಡೆಗೇ ಹೋಗುತ್ತದೆ. ಪಿಟ್‌ನಲ್ಲಿ, ಅಂದರೆ ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸಿ ಸರಿಮಾಡುವ ಜಾಗದಲ್ಲಿ, ಇದಕ್ಕೆ ಕಾರು ‘ಟೈಟ್’ ಅನ್ನುತ್ತಾರೆ. ಇದರ ತಿರುಗುಮುರುಗು, ಅಂದರೆ ಬಾಲ ಹೊರಕ್ಕೆ ಜಾರಿದರೆ, ‘ಲೂಸ್’.

ಟೈಟ್ ಆದಾಗ ಎಲ್ಲರೂ ಮೊದಲು ಕೈ ಹಾಕುವುದು ಸ್ಪ್ರಿಂಗಿಗೆ. ಫ್ರೇಮೇ ಸೊಟ್ಟಗಾಗಿದ್ದರೆ ಯಾವ ಸ್ಪ್ರಿಂಗ್ ಹಾಕಿದರೂ ಗುಣ ಕಾಣದು. ಹಾಗಾಗಿ ಈ ಸಲ ಅಳತೆಯ ಟೇಪು ಮೊದಲು, ಸ್ಪ್ರಿಂಗು ಆಮೇಲೆ, ಎಂಜಿನ್ ಎಲ್ಲಕ್ಕಿಂತ ಕೊನೆಗೆ. ಅಲ್ಲಿನ ಅಂಗಡಿ, ಬೋಲ್ಟು, ರೂಲ್‌ಬುಕ್ಕು ಎಲ್ಲವೂ ಇಂಚು, ಪೌಂಡಿನಲ್ಲೇ ಇರುವುದರಿಂದ ಅಳತೆಗಳನ್ನು ಹಾಗೇ ಬಿಟ್ಟಿದೆ.

ನವೆಂಬರ್: ಬಿಚ್ಚಿ ಅಳೆದದ್ದು

ಜನರಲ್ ಮೋಟರ್ಸ್ 1978ರಿಂದ 1988ರವರೆಗೆ ಮಾಂಟೆ ಕಾರ್ಲೊ, ಮಾಲಿಬು, ಕಟ್ಲಾಸ್, ರೀಗಲ್ ಮುಂತಾದವುಗಳ ಕೆಳಗೆ ಒಂದೇ ಬಗೆಯ ಫ್ರೇಮ್ ಕೊಟ್ಟಿತ್ತು. ವೀಲ್‌ಬೇಸ್, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ, 108 ಇಂಚು. ರೇಸಿನವರ ಬಾಯಲ್ಲಿ ಇದು ‘ಮೆಟ್ರಿಕ್ ಷಾಸಿ’. ಬಾಡಿಯಿಂದ ಬೇರೆಯಾದ ಪೂರ್ತಿ ಉಕ್ಕಿನ ಫ್ರೇಮ್ ಆದ್ದರಿಂದ ಕೇಜ್ (ಚಾಲಕನ ಸುತ್ತ ಬೆಸೆಯುವ ರಕ್ಷಣಾ ಪೈಪುಗಳ ಗೂಡು) ಕೂರಿಸುವುದು ಸುಲಭ, ಬಿಡಿಭಾಗ ಅಗ್ಗ. ಅದಕ್ಕೇ ಇಷ್ಟು ವರ್ಷವಾದರೂ ಸ್ಟ್ರೀಟ್ ಸ್ಟಾಕ್ ಪಿಟ್‌ನಲ್ಲಿ ಇದೇ ಷಾಸಿ ಎಲ್ಲೆಲ್ಲೂ ಕಾಣುತ್ತದೆ.

ಕಾರನ್ನು ನಾಲ್ಕು ಸ್ಟ್ಯಾಂಡಿನ ಮೇಲೆ ಮಟ್ಟವಾಗಿ ಕೂರಿಸಿ, ಗಾರೆ ಕೆಲಸದವರು ಬಳಸುವಂಥ ತೂಗುಗುಂಡನ್ನು ಫ್ರೇಮಿನ ಎಂಟು ಜಾಗಗಳಿಂದ ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿದ್ದಾಯಿತು. ಮುಖ್ಯವಾದ ಗುರುತು ನಾಲ್ಕು: ಮುಂದಿನ ಕೆಳ ಆರ್ಮ್‌ಗಳ (ಚಕ್ರವನ್ನು ಫ್ರೇಮಿಗೆ ಸೇರಿಸುವ ತೋಳುಗಳ) ಹಿಂಬೋಲ್ಟ್ ಎರಡು, ಹಿಂದಿನ ಕೆಳ ಆರ್ಮ್‌ಗಳ ಮುಂಬೋಲ್ಟ್ ಎರಡು. ಈ ನಾಲ್ಕರ ನಡುವೆ ಮೂಲೆಯಿಂದ ಮೂಲೆಗೆ ಎರಡೂ ಕಡೆ ಟೇಪು ಹಿಡಿದರೆ ಅಳತೆ ಒಂದೇ ಬರಬೇಕು. 1/8 ಇಂಚು ಆಚೀಚೆ ಆದರೆ ನಡೆಯುತ್ತದೆ. ಇಲ್ಲಿ ಬಂದದ್ದು 5/8 ಇಂಚು. ಬಲಮುಂದಿನ ಕೆಳ ಆರ್ಮ್ ಕೂರುವ ಜಾಗ ಹಿಂದಕ್ಕೆ ತಳ್ಳಿಕೊಂಡಿತ್ತು. ಆರ್ಮ್‌ನ ತುದಿಯಲ್ಲಿರುವ ಕೆಳಗಿನ ಬಾಲ್ ಜಾಯಿಂಟ್ ಹಿಂದೆ ಸರಿದರೆ ಆ ಚಕ್ರದ ಕ್ಯಾಸ್ಟರ್, ಅಂದರೆ ಸ್ಟೇರಿಂಗ್ ತಿರುಗಿಸಿದಾಗ ಚಕ್ರ ಹೊರಳುವ ಅಕ್ಷದ ತಲೆ ಹಿಂದಕ್ಕೆ ವಾಲಿದ ಕೋನ, ಇಳಿಯುತ್ತದೆ.

ಹಿಂದಿನ ಆಕ್ಸಲ್‌ನಲ್ಲಿ ಇನ್ನೊಂದು ಸಿಕ್ಕಿತು. ಫ್ರೇಮಿನ ನಡುಗೆರೆಗೆ ದಾರ ಹಿಡಿದು ನೋಡಿದರೆ ಬಲಹಿಂದಿನ ಚಕ್ರ ಎಡದ್ದಕ್ಕಿಂತ 3/8 ಇಂಚು ಮುಂದಿದೆ. ಆಕ್ಸಲ್ ಹೀಗೆ ಓರೆಯಾದರೆ ಹಿಂದಿನ ಚಕ್ರಗಳು ಎಡಕ್ಕೆ ನೋಡುತ್ತವೆ. ಬಾಲ ತಿರುವಿನ ಒಳಕ್ಕೆ ಹೋಗುತ್ತದೆ, ಮೂತಿ ಹೊರಕ್ಕೆ ಬರುತ್ತದೆ. ಕಾರಣ ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ತಗಡು ಒತ್ತಿ ಮಾಡಿದ ಬಲಗಡೆಯ ಕೆಳ ಆರ್ಮ್ ಗೋಡೆಯ ಹೊಡೆತಕ್ಕೆ ಬಾಗಿತ್ತು. ಬಾಗಿದ ಆರ್ಮ್ ಗಿಡ್ಡವಾಗುತ್ತದೆ, ಚಕ್ರವನ್ನು ಮುಂದಕ್ಕೆ ಎಳೆದುಕೊಳ್ಳುತ್ತದೆ. ಮೇಲ್ನೋಟಕ್ಕೆ ಈ ಬಾಗು ಕಾಣುವುದಿಲ್ಲ. ಬಿಚ್ಚಿ ಎಡದ್ದರ ಪಕ್ಕ ಇಟ್ಟು, ಎರಡೂ ತೂತಿಗೆ ಉದ್ದನೆ ಬೋಲ್ಟ್ ಹಾಕಿ ನೋಡಿದಾಗಲೇ ಗೊತ್ತಾದದ್ದು.

ಡಿಸೆಂಬರ್: ಫ್ರೇಮ್ ಮತ್ತು ಕೇಜ್

ಫ್ರೇಮನ್ನು ಬಾಡಿ ಶಾಪ್ ಒಂದರ ರ‍್ಯಾಕ್ ಮೇಲೆ ಕಟ್ಟಿ ಚೈನ್ ಹಾಕಿ ಎಳೆಸಬೇಕು. ಖರ್ಚು ಸುಮಾರು 450 ಡಾಲರ್. ಎಳೆಯುವಾಗ ಕೆಂಪಗೆ ಕಾಯಿಸಲು ಬಿಡಬಾರದು. ಕಾಯಿಸಿದ ಜಾಗ ಮೆತ್ತಗಾಗಿ ಮುಂದಿನ ಹೊಡೆತಕ್ಕೆ ಅಲ್ಲೇ ಮಡಚುತ್ತದೆ. ಇನ್ನೊಂದು: ಬೇಕಾದ ಜಾಗಕ್ಕಿಂತ ತುಸು ಹೆಚ್ಚೇ ಎಳೆದು ಬಿಟ್ಟರೆ ಉಕ್ಕು ಹಿಂದಕ್ಕೆ ಬಂದು ಸರಿಯಾಗಿ ನಿಲ್ಲುತ್ತದೆ. ಮೊದಲ ಎಳೆತದಲ್ಲಿ ಚೈನ್ ಬಿಟ್ಟ ಕೂಡಲೇ 1/4 ಇಂಚು ವಾಪಸ್ ಬಂತು. ಎರಡನೆಯದಕ್ಕೆ ಮೂಲೆ ಅಳತೆಯ ವ್ಯತ್ಯಾಸ 1/16ಕ್ಕೆ ಇಳಿಯಿತು. ಅಲ್ಲಿಗೆ ಸಾಕು.

ಕೇಜ್ ಪೈಪು 1¾ ಇಂಚು ಹೊರವ್ಯಾಸ, 0.095 ಇಂಚು ದಪ್ಪ. ಬಲಮುಂದಿನ ಕಾಲು ಮತ್ತು ಬಲಬಾಗಿಲಿನ ಮೂರು ಅಡ್ಡಪೈಪು ಬದಲಿಸಬೇಕಾಯಿತು. ಚಾಲಕ ಕೂರುವ ಎಡಗಡೆ ನಾಲ್ಕು ಪೈಪು, ಅದರ ಹೊರಗೆ 1/8 ಇಂಚಿನ ಉಕ್ಕಿನ ತಟ್ಟೆ, ಅದು ಕದಲಿರಲಿಲ್ಲ. ಪೈಪಿನ ತುದಿಯನ್ನು 1¾ ಇಂಚಿನ ಹೋಲ್ ಸಾದಿಂದ ಕೊರೆದು ಇನ್ನೊಂದು ಪೈಪಿಗೆ ತಬ್ಬುವಂತೆ ಕೂರಿಸಬೇಕು. ಸಂದು 1/16 ಇಂಚಿಗಿಂತ ಹೆಚ್ಚಿದ್ದರೆ ವೆಲ್ಡಿಂಗಿನಲ್ಲಿ ತುಂಬಿಸಲು ಹೋಗದೆ ಪೈಪನ್ನೇ ಎಸೆಯುವುದು ಒಳ್ಳೆಯದು. ಮಿಗ್ ಯಂತ್ರ, 0.030 ತಂತಿ, 75/25 ಆರ್ಗಾನ್–ಕಾರ್ಬನ್ ಡೈಆಕ್ಸೈಡ್ ಗ್ಯಾಸ್. ಎಲ್ಲ ಸಂದಿಗೂ ಮೊದಲು ಟ್ಯಾಕ್ (ಚುಕ್ಕೆ ಬೆಸುಗೆ) ಹಾಕಿ, ಆಮೇಲೆ ಒಂದು ಈ ತುದಿ ಒಂದು ಆ ತುದಿ ಎಂದು ಬೆಸೆಯಬೇಕು. ಒಂದೇ ಕಡೆಯಿಂದ ಬೆಸೆಯುತ್ತ ಹೋದರೆ ತಣ್ಣಗಾಗುವಾಗ ಪೈಪು ಆ ಕಡೆಗೆ ಎಳೆದುಕೊಂಡು, ಆಗತಾನೇ ನೆಟ್ಟಗಾದ ಫ್ರೇಮನ್ನು ಮತ್ತೆ ಸೊಟ್ಟ ಮಾಡುತ್ತದೆ.

ಛಾವಣಿಗೆ ಅಂಟಿಕೊಂಡ ಸಂದಿಯ ಮೇಲ್ಭಾಗಕ್ಕೆ ವೆಲ್ಡಿಂಗ್ ಟಾರ್ಚ್ ಹೋಗುವುದಿಲ್ಲ. ಅರ್ಧ ಬೆಸೆದು ಬಿಟ್ಟ ಕೇಜ್‌ಗಳು ಪಿಟ್‌ನಲ್ಲಿ ಬೇಕಾದಷ್ಟು ಕಾಣುತ್ತವೆ. ಅದಕ್ಕೆ ದಾರಿ ಇದೆ: ಕಾಲುಗಳ ಕೆಳಗೆ ಫ್ಲೋರಿನಲ್ಲಿ ತೂತು ಕೊರೆದು ಇಡೀ ಕೇಜನ್ನು ನಾಲ್ಕು ಇಂಚು ಕೆಳಕ್ಕೆ ಇಳಿಸಿ, ಮೇಲಿನ ಸಂದಿಯನ್ನು ಸುತ್ತಲೂ ಬೆಸೆದು, ಮತ್ತೆ ಎತ್ತಿ ಕೆಳಗೆ ತಟ್ಟೆ ಕೊಟ್ಟು ಫ್ರೇಮಿಗೆ ಬೆಸೆಯುವುದು. ಉಕ್ಕು, ಗ್ಯಾಸ್ ಸೇರಿ 260 ಡಾಲರ್.

ಸೀಟಿನ ಬೋಲ್ಟ್‌ಗಳು ಕೇಜಿಗೆ ಕಟ್ಟಿದ ಚೌಕಟ್ಟಿಗೆ ಹೋಗಬೇಕು. ಫ್ಲೋರ್ ತಗಡಿಗೆ ಹಾಕಿದ ಸೀಟು ಗುದ್ದಿದಾಗ ತಗಡಿನ ಸಮೇತ ಕಿತ್ತು ಬರುತ್ತದೆ. ಬೆಲ್ಟ್‌ಗಳ ಮೇಲೆ ಎಸ್‌ಎಫ್‌ಐ 16.1 (ರೇಸ್ ಸುರಕ್ಷತೆಯ ಮಾನದಂಡ) ಚೀಟಿ ಇದೆ, ತಯಾರಾದಾಗಿನಿಂದ ಎರಡು ವರ್ಷಕ್ಕೆ ಅವಧಿ ಮುಗಿಯುತ್ತದೆ. ನೋಡಲು ಹೊಸದರಂತಿದ್ದರೂ ಬಿಸಿಲಿಗೆ ನೂಲು ಸತ್ವ ಕಳೆದುಕೊಂಡಿರುತ್ತದೆ. ಹೊಸದಕ್ಕೆ 220 ಡಾಲರ್. ಹೆಗಲಿನ ಬೆಲ್ಟು ಹೆಗಲ ಮಟ್ಟದಿಂದ ಹಿಂದಕ್ಕೆ ನೇರವಾಗಿ, ಇಲ್ಲವೇ ಸ್ವಲ್ಪ ಮಾತ್ರ ಇಳಿಜಾರಾಗಿ ಹೋಗಬೇಕು. ತೀರ ಕೆಳಕ್ಕೆ ಕಟ್ಟಿದರೆ ಬೆನ್ನುಮೂಳೆಯನ್ನು ಅದುಮುತ್ತದೆ. ತಲೆ–ಕುತ್ತಿಗೆ ಹಿಡಿಯುವ ಸಾಧನ ಬೇಕೇ ಎಂದು ಈಗಲೂ ಕೇಳುವವರಿದ್ದಾರೆ. 2001ರ ಫೆಬ್ರವರಿ 18ರಂದು ಡೇಟೋನಾದ ರೇಸಿನಲ್ಲಿ ಹೆಸರಾಂತ ಚಾಲಕ ಡೇಲ್ ಅರ್ನ್‌ಹಾರ್ಟ್ ತಲೆಬುರುಡೆಯ ತಳ ಒಡೆದು ತೀರಿಕೊಂಡರು. ಅದೇ ಅಕ್ಟೋಬರ್‌ನಲ್ಲಿ ಅಮೆರಿಕದ ಸ್ಟಾಕ್ ಕಾರ್ ರೇಸ್ ಸಂಸ್ಥೆ ನಾಸ್ಕರ್ ತನ್ನ ದೊಡ್ಡ ಸರಣಿಗಳಲ್ಲಿ ಅದನ್ನು ಕಡ್ಡಾಯ ಮಾಡಿತು. ಶನಿವಾರದ ಸಣ್ಣ ಟ್ರ್ಯಾಕಿನ ಗೋಡೆಯೇನೂ ಮೆತ್ತಗಿರುವುದಿಲ್ಲ.

ಜನವರಿ: ಬಲಮುಂದಿನ ಚಕ್ರ

ಎಡಕ್ಕೆ ಮಾತ್ರ ತಿರುಗುವ ಕಾರಿನಲ್ಲಿ ಭಾರವೆಲ್ಲ ಬೀಳುವುದು ಬಲಮುಂದಿನ ಸ್ಪಿಂಡಲ್, ಅಂದರೆ ಚಕ್ರ ಕೂರುವ ಉಕ್ಕಿನ ಗೂಟದ ಮೇಲೆ. ಮೆಟ್ರಿಕ್ ಷಾಸಿಯ ಸ್ಪಿಂಡಲ್ ಮೊದಲೇ ಸಣ್ಣದು. ಬಿರುಕು ಹುಡುಕಲು ಡೈ ಪೆನೆಟ್ರಂಟ್ ಕಿಟ್ ಎಂದು ಮೂರು ಸ್ಪ್ರೇ ಡಬ್ಬಿ ಸಿಗುತ್ತವೆ, ಸುಮಾರು 45 ಡಾಲರ್. ಮೊದಲನೆಯದರಿಂದ ಗ್ರೀಸ್ ಪೂರ್ತಿ ತೊಳೆದು, ಎರಡನೆಯ ಕೆಂಪು ದ್ರವ ಹೊಡೆದು ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಒರೆಸಿ, ಮೂರನೆಯ ಬಿಳಿ ಪುಡಿ ತೆಳ್ಳಗೆ ಸಿಂಪಡಿಸಬೇಕು. ಒಳ ಬೇರಿಂಗ್ ಕೂರುವಲ್ಲಿ, ಸ್ಪಿಂಡಲ್ ದಪ್ಪವಾಗುವ ತಿರುವಿನಲ್ಲಿ, ಒಂದೆರಡು ನಿಮಿಷಕ್ಕೆ ಬಿಳಿಯ ನಡುವೆ ಕೂದಲೆಳೆಯಂಥ ಕೆಂಪು ಗೆರೆ ಮೂಡಿತು. ಕಾಲು ಭಾಗದಷ್ಟು ಸುತ್ತಿಗೆ ಹಬ್ಬಿತ್ತು. ಬರಿಗಣ್ಣಿಗೆ, ಉಗುರಿಗೆ ಏನೂ ಸಿಕ್ಕಿರಲಿಲ್ಲ. ಇಂಥ ಬಿರುಕನ್ನು ಬೆಸೆಯುವ ಮಾತೇ ಇಲ್ಲ. ಎಡದ್ದನ್ನೂ ಸೇರಿಸಿ ಜೋಡಿ ಬದಲಾಯಿತು.

ಬೇರಿಂಗ್ ಕೂರಿಸುವಾಗ ಚಕ್ರ ತಿರುಗಿಸುತ್ತ ನಟ್ಟನ್ನು 12 ಅಡಿ–ಪೌಂಡ್‌ಗೆ ಬಿಗಿದು, ಪೂರ್ತಿ ಸಡಿಲಿಸಿ, ಬೆರಳಲ್ಲಿ ಮಾತ್ರ ಬಿಗಿದು, ಕಾಟರ್ ಪಿನ್ನಿನ ತೂತು ಸಿಗುವಷ್ಟು ಹಿಂದಕ್ಕೆ ತಿರುಗಿಸುವುದು. ಡಯಲ್ ಗೇಜ್‌ನಲ್ಲಿ 0.001ರಿಂದ 0.005 ಇಂಚು ಆಟ ಇರಬೇಕು. ರೇಸ್ ಕಾರು ಎಂದು ಇನ್ನೂ ಒಂದು ಪಟ್ಟು ಬಿಗಿದರೆ ಬೇರಿಂಗ್ ಸುಟ್ಟು ನೀಲಿಯಾಗುತ್ತದೆ.

ಆಮೇಲೆ ಬಂಪ್ ಸ್ಟಿಯರ್, ಅಂದರೆ ಚಕ್ರ ಮೇಲೆ ಕೆಳಗೆ ಆಡುವಾಗ ತಾನಾಗೇ ತಿರುಗುವುದು. ಸ್ಪ್ರಿಂಗ್ ತೆಗೆದು, ಹಬ್ಬಿಗೆ ಚಪ್ಪಟೆ ತಟ್ಟೆ ಕಟ್ಟಿ, ಎರಡು ಡಯಲ್ ಗೇಜ್ ಇಟ್ಟು, ಜಾಕ್‌ನಿಂದ ಚಕ್ರವನ್ನು ಇಂಚಿಂಚೇ ಎತ್ತುತ್ತ ಟೋ (ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿದ ಅಳತೆ) ಎಷ್ಟು ಬದಲಾಗುತ್ತದೆ ಎಂದು ನೋಡುವುದು. ಮೂರು ಇಂಚು ಎತ್ತುವಷ್ಟರಲ್ಲಿ 0.180 ಇಂಚು ಹೊರಕ್ಕೆ ತಿರುಗಿತು. ಕಾರು ತಿರುವಿನಲ್ಲಿ ಬಲಕ್ಕೆ ವಾಲಿದ ಕೂಡಲೇ ಬಲಮುಂದಿನ ಚಕ್ರ ತಾನಾಗೇ ಗೋಡೆಯ ಕಡೆ ನೋಡುತ್ತದೆ ಎಂದರ್ಥ. ಟೈ ರಾಡ್ ಎಂಡ್ ಬದಲಿಸಿದರೂ ಅಳತೆ ಕದಲಲಿಲ್ಲ. ದೋಷ ಇದ್ದದ್ದು ಐಡ್ಲರ್ ಆರ್ಮ್‌ನಲ್ಲಿ, ಅಂದರೆ ಸ್ಟೇರಿಂಗಿನ ಅಡ್ಡ ಸರಳಾದ ಸೆಂಟರ್ ಲಿಂಕ್‌ನ ಬಲತುದಿಯನ್ನು ಹಿಡಿಯುವ ತೋಳಿನಲ್ಲಿ: ಬುಷ್ ಸವೆದು ಆ ತುದಿಯ ಎತ್ತರ ಕೆಟ್ಟಿತ್ತು. ಹೊಸ ಐಡ್ಲರ್ ಹಾಕಿ, ಫ್ರೇಮಿನ ತೂತುಗಳನ್ನು ಸ್ವಲ್ಪ ಉದ್ದ ಮಾಡಿ, ಸೆಂಟರ್ ಲಿಂಕ್ ಎರಡೂ ಕಡೆ ಒಂದೇ ಎತ್ತರಕ್ಕೆ ಬಂದ ಮೇಲೆ ಅದೇ ಮೂರು ಇಂಚಿಗೆ 0.035. ಸ್ಪಿಂಡಲ್, ಬಾಲ್ ಜಾಯಿಂಟ್, ಐಡ್ಲರ್ ಎಲ್ಲ ಸೇರಿ 420 ಡಾಲರ್.

ಅಲೈನ್‌ಮೆಂಟ್ ಹೀಗೆ ನಿಂತಿತು. ಬಲಮುಂದು ಕ್ಯಾಂಬರ್ (ಚಕ್ರದ ತಲೆ ಒಳಕ್ಕೆ ವಾಲಿದರೆ ಮೈನಸ್, ಹೊರಕ್ಕಾದರೆ ಪ್ಲಸ್) ಮೈನಸ್ 4 ಡಿಗ್ರಿ, ಕ್ಯಾಸ್ಟರ್ ಪ್ಲಸ್ 4. ಎಡಮುಂದು ಕ್ಯಾಂಬರ್ ಪ್ಲಸ್ 2½, ಕ್ಯಾಸ್ಟರ್ ಪ್ಲಸ್ 2. ಟೋ ಹೊರಕ್ಕೆ 1/8 ಇಂಚು. ಕ್ಯಾಸ್ಟರ್ ಎರಡೂ ಕಡೆ ಬೇರೆ ಇಟ್ಟಾಗ ಕಾರು ತಾನಾಗಿ ಎಡಕ್ಕೆ ಎಳೆಯುತ್ತದೆ, ಕೈಗೆ ಸುಸ್ತು ಕಡಿಮೆ. ಎರಡೂ ಮುಂಚಕ್ರಗಳ ತಲೆ ಎಡಕ್ಕೇ ವಾಲಿರುವ ಈ ಕಾರನ್ನು ಬೀದಿಯಲ್ಲಿ ಬಿಟ್ಟರೆ ಯಾವ ಮೆಕ್ಯಾನಿಕ್ಕೂ ಮುಟ್ಟಲಿಕ್ಕಿಲ್ಲ.

ಸ್ಪ್ರಿಂಗ್: ಎಡಮುಂದು ಇಂಚಿಗೆ 900 ಪೌಂಡ್, ಬಲಮುಂದು 1000, ಎಡಹಿಂದು 225, ಬಲಹಿಂದು 200. ಹಳೆಯವೇ, ಬದಲಿಸಿಲ್ಲ. ಟೆಸ್ಟರ್‌ನಲ್ಲಿ ಒತ್ತಿ ನೋಡಿ ಮತ್ತೆ ಹಾಕಿದ್ದು ಅಷ್ಟೇ. ರೂಲ್‌ಬುಕ್ಕಿನಲ್ಲಿ ಸ್ಪ್ರಿಂಗಿನ ಜಾಗ, ವ್ಯಾಸ ಎಲ್ಲ ಬರೆದಿರುತ್ತದೆ, ಟೆಕ್ ತಪಾಸಣೆಯವರು ಬಿಡುವುದಿಲ್ಲ. ಈ ಜಗಳ ಹಳೆಯದು. 1949ರ ಜೂನ್ 19ರಂದು ಷಾರ್ಲಟ್‌ನಲ್ಲಿ ನಾಸ್ಕರ್ ನಡೆಸಿದ ಮೊದಲ ‘ಸ್ಟ್ರಿಕ್ಟ್‌ಲಿ ಸ್ಟಾಕ್’ ರೇಸಿನಲ್ಲಿ ಮೊದಲು ಬಂದ ಗ್ಲೆನ್ ಡನವೇ ಅವರ ಕಾರಿನ ಹಿಂದಿನ ಸ್ಪ್ರಿಂಗ್ ಕಂಪನಿಯದ್ದರಂತಿರಲಿಲ್ಲ ಎಂದು ತಳ್ಳಿಹಾಕಿ, ಗೆಲುವನ್ನು ಜಿಮ್ ರೋಪರ್‌ಗೆ ಕೊಟ್ಟರು.

ಫೆಬ್ರವರಿ: ಬ್ರೇಕ್, ಆಕ್ಸಲ್, ನೀರು

ಬ್ರೇಕ್ ಪೆಡಲ್ ಮೊದಲ ಒತ್ತಿಗೆ ಅರ್ಧಕ್ಕೆ ಇಳಿಯುತ್ತದೆ, ಎರಡು ಸಲ ಪಂಪ್ ಮಾಡಿದರೆ ಗಟ್ಟಿಯಾಗುತ್ತದೆ. ಬ್ರೇಕ್ ದ್ರವದಲ್ಲಿ ಗಾಳಿ ಇದೆ ಎಂದು, ಅದನ್ನು ಹೊರಬಿಡಲು ಬ್ಲೀಡ್ ಮಾಡಿದ್ದೇ ಮಾಡಿದ್ದು, ಡಾಟ್ 4 ದ್ರವ ಡಬ್ಬಿಗಟ್ಟಲೆ ಹೋಯಿತು, ಪೆಡಲ್ ಮಾತ್ರ ಹಾಗೇ. ಮೊದಲ ಅನುಮಾನ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಎಡ–ಬಲ ಅದಲುಬದಲಾಗಿರಬಹುದು ಎಂದು. ಹಾಗಾದರೆ ಬ್ಲೀಡರ್ ಸ್ಕ್ರೂ ಕೆಳಗೆ ಬರುತ್ತದೆ, ಗಾಳಿ ಮೇಲೇ ಉಳಿಯುತ್ತದೆ. ನೋಡಿದರೆ ಸ್ಕ್ರೂ ಮೇಲೇ ಇದೆ.

ತೊಂದರೆ ಬೇರೆಯದು. ಆ ಕಾಲದ ಜಿಎಂ ಕಾರುಗಳಲ್ಲಿ ಪೆಟ್ರೋಲ್ ಉಳಿಸಲೆಂದು ‘ಲೋ ಡ್ರ್ಯಾಗ್’ ಕ್ಯಾಲಿಪರ್ ಇತ್ತು. ಪೆಡಲ್ ಬಿಟ್ಟಾಗ ಅದರ 2½ ಇಂಚಿನ ಪಿಸ್ಟನ್ ಸಾಮಾನ್ಯಕ್ಕಿಂತ ಹೆಚ್ಚು ಹಿಂದೆ ಸರಿದು ಪ್ಯಾಡು ಡಿಸ್ಕಿನಿಂದ ದೂರ ನಿಲ್ಲುತ್ತದೆ. ಆ ಸಂದು ತುಂಬಲು ಮೊದಲ ಒತ್ತಿಗೇ ಹೆಚ್ಚು ದ್ರವ ಕಳಿಸುವ ಬೇರೆ ಬಗೆಯ ಮಾಸ್ಟರ್ ಸಿಲಿಂಡರ್ ಕಂಪನಿಯಿಂದಲೇ ಬರುತ್ತಿತ್ತು. ಕಾರಿನಲ್ಲಿ ಈಗಿದ್ದದ್ದು ರೇಸಿನವರು ಹಾಕುವ ಮಾಮೂಲಿ ಮಾಸ್ಟರ್, ಕ್ಯಾಲಿಪರ್ ಮಾತ್ರ ಹಳೆಯದು. ಎರಡಕ್ಕೂ ಹೊಂದಿಕೆಯೇ ಇಲ್ಲ. ಅದೇ ಅಳತೆಯ, ಲೋ ಡ್ರ್ಯಾಗ್ ಅಲ್ಲದ ರೇಸ್ ಕ್ಯಾಲಿಪರ್ ಹಾಕಿ, ಒಂದು ಸಲ ಬ್ಲೀಡ್ ಮಾಡಿದ್ದಕ್ಕೆ ಪೆಡಲ್ ಕಲ್ಲಿನಂತೆ ನಿಂತಿತು. ಪ್ಯಾಡ್ ಸೇರಿ 310 ಡಾಲರ್. ಬಿಡಿಭಾಗದ ಅಂಗಡಿಯಲ್ಲಿ ಕಾರಿನ ಮಾಡೆಲ್ ಹೇಳಿ ಕೇಳಿದರೆ ಮತ್ತೆ ಲೋ ಡ್ರ್ಯಾಗೇ ಕೊಡುತ್ತಾರೆ. ಬೇಕಾದದ್ದನ್ನು ಬಿಡಿಸಿ ಕೇಳಬೇಕು.

ಹಿಂದೆ ಕಂಪನಿಯ 7½ ಇಂಚಿನ ಆಕ್ಸಲ್ ಬದಲು ಫೋರ್ಡ್ 9 ಇಂಚು ಇದೆ, ಸ್ಪೂಲ್ ಹಾಕಿ ಎರಡೂ ಚಕ್ರ ಒಟ್ಟಿಗೇ ತಿರುಗುವಂತೆ ಮಾಡಿದ್ದು. ಕೆಳ ಆರ್ಮ್ ಎರಡೂ ಹೊಸದು, ಪೆಟ್ಟಿಗೆಯಂತೆ ನಾಲ್ಕೂ ಕಡೆ ಮುಚ್ಚಿದ ಬಗೆ, 180 ಡಾಲರ್. ತೂತಿನ ನಡುವಿನಿಂದ ತೂತಿನ ನಡುವಿಗೆ ಎರಡೂ ಒಂದೇ ಉದ್ದ ಇವೆಯೇ ಎಂದು ಅಳೆದೇ ಹಾಕಿದ್ದು. ದಾರ ಮತ್ತೆ ಹಿಡಿದಾಗ ಆಕ್ಸಲ್ 1/32 ಇಂಚಿನೊಳಗೆ ನೇರ.

ಗೇರ್ ರೇಷಿಯೊ 5.67. ಲೆಕ್ಕ ಸರಳ: ಮೈಲಿ ವೇಗ × ರೇಷಿಯೊ × 336, ಅದನ್ನು ಟೈರಿನ ವ್ಯಾಸದಿಂದ ಭಾಗಿಸಿದರೆ ಆರ್‌ಪಿಎಂ. ನೇರದ ಕೊನೆಯಲ್ಲಿ 88 ಮೈಲಿ, 27.4 ಇಂಚಿನ ಟೈರಿಗೆ 6,100ರ ಆಸುಪಾಸು. ಎಂಜಿನ್ ಷೆವ್ರೊಲೆಯ 602 ಕ್ರೇಟ್ (ಪೂರ್ತಿ ಜೋಡಿಸಿಯೇ ಪೆಟ್ಟಿಗೆಯಲ್ಲಿ ಬರುವ ಎಂಜಿನ್), 350 ಘನ ಇಂಚು, 350 ಅಶ್ವಶಕ್ತಿ. ಅದರ ಪೂರ್ತಿ ಶಕ್ತಿ 5,400 ಆರ್‌ಪಿಎಂಗೇ ಬಂದುಬಿಡುತ್ತದೆ. ಬೋಲ್ಟ್‌ಗಳಿಗೆ ಸೀಲ್ ಇರುವುದರಿಂದ ಒಳಗೆ ಕೈ ಹಾಕುವಂತಿಲ್ಲ. ಸಿಲಿಂಡರ್‌ಗಳು ಗಾಳಿ ಸೋರುತ್ತವೆಯೇ ಎಂದು ಲೀಕ್‌ಡೌನ್ ನೋಡಿ, ಜಿಂಕ್ ಹೆಚ್ಚಿರುವ ಆಯಿಲ್ ಹಾಕಿದ್ದಷ್ಟೇ. ಇದರಂಥ, ರೋಲರ್ ಇಲ್ಲದ ಫ್ಲ್ಯಾಟ್ ಟ್ಯಾಪೆಟ್ ಕ್ಯಾಮ್‌ಗೆ ಅದಿಲ್ಲದಿದ್ದರೆ ಕ್ಯಾಮ್ ಸವೆದು ನುಣ್ಣಗಾಗುತ್ತದೆ.

ರೇಡಿಯೇಟರ್‌ನಲ್ಲಿ ಬರೀ ನೀರು. ಕೂಲಂಟ್ ಚೆಲ್ಲಿದರೆ ಡಾಂಬರು ಜಾರುತ್ತದೆಂದು ಟ್ರ್ಯಾಕಿನವರು ಬಿಡುವುದಿಲ್ಲ. ಕಳೆದ ಸೀಸನ್‌ನಲ್ಲಿ ಹದಿನೈದು ಸುತ್ತಿಗೇ 240 ಫ್ಯಾರನ್‌ಹೀಟ್ ಮುಟ್ಟುತ್ತಿತ್ತು. ರೇಡಿಯೇಟರ್ ಸರಿಯಾಗಿಯೇ ಇತ್ತು. ಗ್ರಿಲ್‌ಗೂ ಅದಕ್ಕೂ ನಡುವೆ ಬದಿಯಲ್ಲಿ ಎರಡೆರಡು ಇಂಚು ಸಂದು. ಗಾಳಿ ಸುಲಭದ ದಾರಿ ಹಿಡಿದು ಪಕ್ಕದಿಂದ ಹೋಗುತ್ತಿತ್ತು. 0.040 ಇಂಚಿನ ಅಲ್ಯೂಮಿನಿಯಂ ತಗಡು ಕತ್ತರಿಸಿ, 3/16 ರಿವೆಟ್ ಹೊಡೆದು ನಾಲ್ಕೂ ಕಡೆ ಮುಚ್ಚಿದ್ದಕ್ಕೆ 40 ಡಾಲರ್ ಮುಗಿಯಿತು. ಇದನ್ನು ಬಿಟ್ಟು ದೊಡ್ಡ ರೇಡಿಯೇಟರ್‌ಗೆ ದುಡ್ಡು ಸುರಿದವರೇ ಹೆಚ್ಚು.

ಮಾರ್ಚ್: ತೂಕ ಮತ್ತು ಟೈರು

ನಾಲ್ಕು ಚಕ್ರದ ಕೆಳಗೂ ಒಂದೊಂದು ತೂಕದ ಸ್ಕೇಲ್, ಬಾಡಿಗೆಗೆ ತಂದದ್ದು. ನೆಲ ಮಟ್ಟವಿರಬೇಕು, ಇಲ್ಲದಿದ್ದರೆ ಫ್ಲೋರ್ ಟೈಲ್ಸ್ ತುಂಡು ಕೊಟ್ಟು ಮಟ್ಟ ಮಾಡಬೇಕು. ಎಡ–ಬಲ ಚಕ್ರಗಳನ್ನು ಜೋಡಿಸುವ ಸ್ವೇ ಬಾರ್ ಬಿಚ್ಚಿ, ಟೈರಿನ ಗಾಳಿ ರೇಸಿಗೆ ಎಷ್ಟೋ ಅಷ್ಟೇ ಇಟ್ಟು, ಚಾಲಕ ಹೆಲ್ಮೆಟ್ ಸಮೇತ ಒಳಗೆ ಕೂತಿರಬೇಕು.

ಮೊದಲ ತೂಕ: ಎಡಮುಂದು 894, ಬಲಮುಂದು 786, ಎಡಹಿಂದು 744, ಬಲಹಿಂದು 686. ಒಟ್ಟು 3,110 ಪೌಂಡ್. ಎಡಗಡೆಯ ಪಾಲು ಶೇ 52.7. ಬಲಮುಂದು ಮತ್ತು ಎಡಹಿಂದು ಸೇರಿಸಿದರೆ, ಅಂದರೆ ಕ್ರಾಸ್, ಶೇ 49.2.

ಬೇಕಾದದ್ದು 3,200, ಎಡಗಡೆ 54, ಕ್ರಾಸ್ 51. ತಿರುವಿನಲ್ಲಿ ಭಾರ ಬಲಕ್ಕೆ ಹೋಗಿಯೇ ಹೋಗುತ್ತದೆ. ನಿಂತಾಗ ಎಡಕ್ಕೆ ಹೆಚ್ಚಿದ್ದಷ್ಟೂ ಓಡುವಾಗ ನಾಲ್ಕೂ ಟೈರು ಸಮನಾಗಿ ದುಡಿಯುತ್ತವೆ. 90 ಪೌಂಡ್ ಸೀಸವನ್ನು ಎಡ ಫ್ರೇಮಿಗೆ, ಹಿಂಚಕ್ರದ ಸ್ವಲ್ಪ ಮುಂದೆ, 1/2 ಇಂಚಿನ ಬೋಲ್ಟ್‌ಗಳಲ್ಲಿ ಕಟ್ಟಿದ್ದು. ಬಿಳಿ ಬಣ್ಣ ಬಳಿದು ಕಾರಿನ ನಂಬರ್ ಬರೆಯಬೇಕು, ಬಿದ್ದರೆ ಯಾರದ್ದೆಂದು ಗೊತ್ತಾಗಲು. ಇಷ್ಟಕ್ಕೇ ಕ್ರಾಸ್ 50.1ಕ್ಕೆ ಬಂತು. ಎಡಹಿಂದಿನ ಸ್ಪ್ರಿಂಗನ್ನು ಒತ್ತುವ ಜಾಕ್ ಬೋಲ್ಟ್ ಒಂದು ಸುತ್ತಿಗೆ ಈ ಕಾರಿನಲ್ಲಿ ಕ್ರಾಸ್ ಶೇ 0.6ರಷ್ಟು ಏರುತ್ತದೆ. ಸುಮಾರು ಒಂದೂವರೆ ಸುತ್ತು ಒಳಕ್ಕೆ ಕೊಟ್ಟ ಮೇಲೆ ಸ್ಕೇಲ್ ತೋರಿಸಿದ್ದು 896, 800, 832, 672. ಎಡ 54, ಕ್ರಾಸ್ 51, ಹಿಂಭಾಗ 47. ಪ್ರತಿ ಸುತ್ತಿನ ನಂತರ ಕಾರನ್ನು ಬಂಪರ್ ಹಿಡಿದು ನಾಲ್ಕೈದು ಸಲ ಕುಲುಕದೆ ಓದಿದರೆ ಸಂಖ್ಯೆ ಸುಳ್ಳು ಹೇಳುತ್ತದೆ, ಬುಷ್‌ಗಳು ಹಿಡಿದುಕೊಂಡಿರುತ್ತವೆ.

ಟೈರು 8 ಇಂಚಿನ ಸ್ಲಿಕ್, ಅಂದರೆ ಮೇಲ್ಮೈಯಲ್ಲಿ ಗೀರಿಲ್ಲದ ನುಣುಪು ಟೈರು. ಸ್ಪೂಲ್ ಇರುವ ಆಕ್ಸಲ್‌ಗೆ ಬಲಟೈರಿನ ಸುತ್ತಳತೆ ಎಡದ್ದಕ್ಕಿಂತ ಹೆಚ್ಚಿರಲೇಬೇಕು, ಇಲ್ಲದಿದ್ದರೆ ಎರಡೂ ಚಕ್ರ ಸೇರಿ ಕಾರನ್ನು ನೇರಕ್ಕೆ ನೂಕುತ್ತವೆ. ಈ ವ್ಯತ್ಯಾಸ ‘ಸ್ಟ್ಯಾಗರ್’. ಚಕ್ರಗಳ ನಡುವಿನ ಅಗಲ 62 ಇಂಚು, ಕಾರು ಹಿಡಿಯುವ ತಿರುವಿನ ತ್ರಿಜ್ಯ 200 ಅಡಿ, ಅಂದರೆ 2,400 ಇಂಚು ಎಂದಿಟ್ಟುಕೊಂಡರೆ 62ನ್ನು 2,400ರಿಂದ ಭಾಗಿಸಿ 86 ಇಂಚಿನ ಸುತ್ತಳತೆಗೆ ಗುಣಿಸಿದಾಗ 2.2 ಇಂಚು. ಅಷ್ಟೂ ಕೊಟ್ಟರೆ ನೇರದಲ್ಲಿ ಕಾರು ಎಡಕ್ಕೆ ಎಳೆದು ವೇಗ ತಿನ್ನುತ್ತದೆ. 1¾ಕ್ಕೆ ನಿಲ್ಲಿಸಿದ್ದು. ಗೋಡೆಗೆ ಉಜ್ಜಿದ ದಿನ ಹಾಕಿದ್ದ ಜೋಡಿಯನ್ನು ಅಳೆದರೆ ಬರೀ 7/8 ಇಂಚು: ಟೈಟ್ ಆಗಲು ಅದೂ ಒಂದು ಪಾಲು ಸೇರಿಸಿದೆ. ಗಾಳಿ ಹೆಚ್ಚಿದರೆ ಸುತ್ತಳತೆಯೂ ಹೆಚ್ಚುವುದರಿಂದ ಒತ್ತಡ ಬರೆಯದೆ ಸ್ಟ್ಯಾಗರ್ ಮಾತ್ರ ಬರೆದಿಟ್ಟರೆ ಉಪಯೋಗವಿಲ್ಲ. ತಣ್ಣಗಿದ್ದಾಗ ಎಡದ ಎರಡಕ್ಕೂ 15 ಪಿಎಸ್‌ಐ, ಬಲಮುಂದು 24, ಬಲಹಿಂದು 22.

ಟೈರು ಬಿಟ್ಟು ಇಲ್ಲಿಯವರೆಗಿನ ಖರ್ಚು ಸುಮಾರು 2,000 ಡಾಲರ್.

ಮಾರ್ಚ್ ಕೊನೆ: ಪ್ರಾಕ್ಟೀಸ್

ಹತ್ತು ಸುತ್ತು ಓಡಿಸಿ, ಪಿಟ್‌ಗೆ ಬಂದ ತಕ್ಷಣ ಸೂಜಿ ಥರ್ಮಾಮೀಟರನ್ನು ರಬ್ಬರಿನೊಳಗೆ ಚುಚ್ಚಿ ಓದಿದ್ದು. ಮೇಲ್ಮೈಗೆ ಲೇಸರ್ ಹಿಡಿದರೆ ಪಿಟ್‌ಗೆ ಬರುವಷ್ಟರಲ್ಲಿ ಆರಿದ ಬಿಸಿಯಷ್ಟೇ ಸಿಗುತ್ತದೆ. ಬಲಮುಂದಿನ ಟೈರು ಒಳಅಂಚು 210 ಫ್ಯಾರನ್‌ಹೀಟ್, ನಡು 188, ಹೊರಅಂಚು 172. ಬಲಹಿಂದಿನದರ ಸರಾಸರಿ 181. ಕಾರು ತಿರುವಿನ ಮೊದಲರ್ಧದಲ್ಲಿ ಚೆನ್ನಾಗಿ ಒಳಬೀಳುತ್ತದೆ, ಥ್ರಾಟಲ್ ಕೊಟ್ಟ ಮೇಲೆ ಇನ್ನೂ ಒಂದಿಷ್ಟು ಟೈಟ್.

ಒಳಗೂ ಹೊರಗೂ 38 ಡಿಗ್ರಿ ಅಂತರ ಅತಿಯಾಯಿತು, 10ರಿಂದ 15 ಇದ್ದರೆ ಸಾಕು. ಮೈನಸ್ 4 ಕ್ಯಾಂಬರ್‌ನಲ್ಲಿ ಟೈರು ಒಳಅಂಚಿನ ಮೇಲೆ ನಿಂತು ಓಡುತ್ತಿದೆ. ಬಲಮುಂದಿನ ಮೇಲಿನ ಆರ್ಮ್‌ನ ಶಿಮ್ (ಸಂದಿಗೆ ಕೊಡುವ ತೆಳು ತಗಡು) ಬದಲಿಸಿ ಮೈನಸ್ 3½ಕ್ಕೆ ಇಳಿಸುವುದು, ಶಿಮ್ ಬದಲಿಸಿದಾಗ ಟೋ ಕೂಡ ಸರಿಯುವುದರಿಂದ ಅದನ್ನು ಮತ್ತೆ 1/8ಕ್ಕೆ ತರುವುದು. ಅದಷ್ಟನ್ನೇ ಮಾಡಿ ಇನ್ನೊಮ್ಮೆ ಓಡಿಸಿ ಬಿಸಿ ಓದಿದ ಮೇಲೆ, ಟೈಟ್ ಉಳಿದಿದ್ದರೆ ಎಡಹಿಂದಿನ ಜಾಕ್ ಬೋಲ್ಟ್ ಅರ್ಧ ಸುತ್ತು ಹೊರಕ್ಕೆ. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ.